ಎರಡು ಹೊತ್ತಿನ ಹಿಡಿಯಕ್ಕಿ

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕೆಳಗಿನ ಕಣಿವೆಯಲ್ಲಿ ಮಂಜು ಇನ್ನೂ ಮಲಗಿದೆ. ಮೊದಲನೆಯ ಮನೆಯ ಜಗಲಿಯಲ್ಲಿ ರೋಖುಮಿ ಬಗ್ಗಿ, ಬಾಗಿಲ ಪಕ್ಕ ಇಟ್ಟಿರುವ ಹಾಲಿನಪುಡಿಯ ಹಳೇ ಡಬ್ಬಿಯನ್ನು ಎತ್ತಿಕೊಳ್ಳುತ್ತಾರೆ. ಮುಚ್ಚಳ ತೆಗೆದು ಅಕ್ಕಿಯನ್ನು ಅಗಲದ ತಟ್ಟೆಗೆ ಸುರಿಯುತ್ತಾರೆ, ಅದರ ಮೇಲೆ ಒಮ್ಮೆ ಅಂಗೈ ಆಡಿಸುತ್ತಾರೆ, ಬೆನ್ನಿನ ಬುಟ್ಟಿಯನ್ನು ಇಳಿಸಿ ಅದರೊಳಗಿನ ಬಟ್ಟೆಚೀಲಕ್ಕೆ ಹಾಕುತ್ತಾರೆ. ಅಕ್ಕಿ ಬೀಳುವಾಗ ತುಟಿ ಅಲುಗುತ್ತದೆ. ಅಕ್ಕಿ ಬಿದ್ದು ಮುಗಿದಾಗ ತುಟಿಯೂ ನಿಲ್ಲುತ್ತದೆ. ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಬುಟ್ಟಿಯ ಪಟ್ಟಿಯನ್ನು ಹಣೆಗೆ ಏರಿಸಿ, ಮುಂದಿನ ಮನೆಯ ಮೆಟ್ಟಿಲು ಹತ್ತುತ್ತಾರೆ.

ಅವರು ಹೇಳುವುದು ಒಂದೇ ಮಾತು: ಈ ಮನೆಯವರನ್ನು ಎಚ್ಚರವಾಗಿಡು. ಪ್ರತಿ ಮನೆಗೂ ಅಷ್ಟೇ.

ನಾಲ್ಕನೆಯ ಮನೆಯ ರೆಮ್‌ಸಾಂಗಿ ಜಗಲಿಯ ಕೊನೆಯಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಳೆ. ಐವತ್ತು ದಾಟಿದ ಹೆಂಗಸು, ಕೇರಿಯ ಬಾಯಿ ಎಂದೇ ಹೆಸರು. ಬಾಯಲ್ಲಿ ನೊರೆ ಇಟ್ಟುಕೊಂಡೇ ಕೇಳುತ್ತಾಳೆ.

"ಊ ಖುಮಿ, ಅಕ್ಕಿ ಕಮ್ಮಿ ಇದ್ರೆ ಪ್ರಾರ್ಥನೇನೂ ಕಮ್ಮೀನಾ?"

ಇಲ್ಲಿ ಅಕ್ಕನಿಗೆ ಊ ಎನ್ನುತ್ತಾರೆ. ರೋಖುಮಿ ತಲೆ ಎತ್ತುವುದಿಲ್ಲ. "ನಿಂಗೆ ಉದ್ದ ಬೇಕಾದ್ರೆ ಇನ್ನೊಂದಿಷ್ಟು ಹಾಕು," ಎಂದು ಡಬ್ಬಿ ಮುಚ್ಚಿ ಹೊರಡುತ್ತಾರೆ.

ಈಶಾನ್ಯ ಗಡಿಯ ಲುಂಗ್ಲೇಯ್ ಗುಡ್ಡದ ಇಳಿಜಾರಿನ ಈ ಕೇರಿಯಲ್ಲಿ ರೋಖುಮಿ ಶನಿವಾರದ ಅಕ್ಕಿ ಎತ್ತಲು ಶುರುಮಾಡಿ ಮೂವತ್ತನಾಲ್ಕು ವರ್ಷ. ಈಗ ಅರವತ್ತೇಳು. ಯಾರು ಯಾವ ಕೇರಿಯ ಅಕ್ಕಿ ಎತ್ತಬೇಕೆಂದು ಚರ್ಚಿನ ಹೆಂಗಸರ ಕೂಟ ವರ್ಷಕ್ಕೊಮ್ಮೆ, ಡಿಸೆಂಬರಿನಲ್ಲಿ ಪಟ್ಟಿ ಬರೆಯುತ್ತದೆ. ಮೂವತ್ತನಾಲ್ಕು ಸಲ ಅವರ ಹೆಸರನ್ನು ಯಾರೂ ಕೇಳದೆಯೇ ಬರೆದಿದ್ದಾರೆ. ಈ ಡಿಸೆಂಬರಿನಲ್ಲಿ ಬರೆಯಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಿದೆ. ಎತ್ತಿದವರು ರೋಖುಮಿಯೇ.

ಪದ್ಧತಿ ಸರಳ. ಮನೆಯಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ಅದಕ್ಕೆ ನೀರು ಸೋಕುವ ಮೊದಲು, ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಅದು ದೇವರ ಪಾಲು. ಬೆಳಗಿನ ಪಾತ್ರೆಗೆ ಒಂದು, ಸಂಜೆಯ ಪಾತ್ರೆಗೆ ಒಂದು. ವಾರಕ್ಕೆ ಹದಿನಾಲ್ಕು ಹಿಡಿ. ಶನಿವಾರ ಡಬ್ಬಿ ಜಗಲಿಗೆ ಬರುತ್ತದೆ. ಅಕ್ಕಿ ಚರ್ಚಿನ ಕೋಣೆಗೆ ಹೋಗಿ, ಅಲ್ಲಿಂದ ಸುವಾರ್ತೆಯ ಕೆಲಸಕ್ಕೂ ಇಲ್ಲದವರ ಮನೆಗಳಿಗೂ ಹೋಗುತ್ತದೆ. ಬುಹ್‌ಫೈ ಥಮ್ ಎಂದು ಇದರ ಹೆಸರು. ಹಿಡಿಯಕ್ಕಿ.

ಅರವತ್ತೊಂದು ಮನೆ. ಮೇಲಿನ ರಸ್ತೆಯಿಂದ ನೀರಿನ ತೊಟ್ಟಿಯವರೆಗೆ ನಾನೂರ ಹನ್ನೆರಡು ಮೆಟ್ಟಿಲು. ಅರ್ಧ ಕೇರಿ ಮುಗಿಯುವ ಹೊತ್ತಿಗೆ ಬುಟ್ಟಿ ಹದಿನೆಂಟು ಕಿಲೋ ಆಗುತ್ತದೆ. ಅದನ್ನು ಚರ್ಚಿಗೆ ಇಳಿಸಿ ಬಂದು ಉಳಿದರ್ಧ. ಎಂಟು ಗಂಟೆಗೆ ಮೊದಲು ಮುಗಿಯಬೇಕು, ಏಕೆಂದರೆ ಎಂಟಕ್ಕೆ ಜನ ಬೆಳಗಿನ ಊಟಕ್ಕೆ ಕೂರುತ್ತಾರೆ, ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತರೆ ಒಳಗೆ ಕರೆಯದೆ ಬಿಡುವುದಿಲ್ಲ. ಎಡ ಮಂಡಿ ಎರಡು ವರ್ಷದಿಂದ ಊದಿಕೊಂಡಿದೆ. ಇಳಿಯುವಾಗ ಪಕ್ಕವಾಗಿ ಇಳಿಯುತ್ತಾರೆ, ಒಂದೊಂದೇ ಮೆಟ್ಟಿಲು.

ತಟ್ಟೆಯ ಮೇಲೆ ಅಂಗೈ ಆಡಿಸುವುದು ಕಲ್ಲು ಹುಳ ನೋಡಲಿಕ್ಕೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ಯಾವ ಮನೆಯ ಹದಿನಾಲ್ಕು ಹಿಡಿ ಎಷ್ಟಾಗುತ್ತದೆ ಎಂದು ಅವರಿಗೆ ಗೊತ್ತು. ಹೆಂಗಸಿನ ಕೈ ಎಷ್ಟು ದೊಡ್ಡದು, ಅವಳು ಬಿಗಿಯಾಗಿ ಹಿಡಿಯುತ್ತಾಳೋ ಸಡಿಲವಾಗಿಯೋ, ಎಲ್ಲವೂ ಗೊತ್ತು. ಕಡಿಮೆಯಾದರೆ ಆ ಮನೆಯಲ್ಲಿ ಒಲೆ ಕೆಲವು ಹೊತ್ತು ಉರಿದಿಲ್ಲ. ಕಾಯಿಲೆ ಇರಬಹುದು, ಜಗಳ ಇರಬಹುದು, ಅಕ್ಕಿಯೇ ಇಲ್ಲದಿರಬಹುದು. ಅದನ್ನು ಜಗಲಿಯಲ್ಲಿ ನಿಂತು ಕೇಳುವುದಿಲ್ಲ. ಸಂಜೆ ಒಂದೆರಡು ಸೀಮೆಬದನೆ ಕೈಯಲ್ಲಿ ಹಿಡಿದುಕೊಂಡು, ತೋಟದಲ್ಲಿ ಹೆಚ್ಚಾಗಿದ್ದವು ಎಂದು ಹೇಳಿಕೊಂಡು ಹೋಗುತ್ತಾರೆ.

"ಮಗ್ಗಲ್ಲಿ ಸುರಿದ ಅಕ್ಕೀನೂ ಗೊತ್ತಾಗತ್ತೆ," ಎನ್ನುತ್ತಾರೆ. "ವಾರ ಪೂರ್ತಿ ಮರೆತು, ಶುಕ್ರವಾರ ಸಂಜೆ ಚೀಲದಿಂದ ಮಗ್ಗು ಅದ್ದಿ ಡಬ್ಬಿ ತುಂಬ್ತಾರೆ. ಹದಿನಾಲ್ಕು ಹಿಡಿ ಯಾವತ್ತೂ ಸರಿಯಾಗಿ ಎರಡು ಮಗ್ಗು ಆಗಲ್ಲ."

ಹಾಗೆ ಮಾಡುವವರಿಗೆ ಅವರು ಒಂದು ಸಲ ಹೇಳುತ್ತಾರೆ, ಒಂದೇ ಸಲ. ಮೂರು ವರ್ಷದ ಹಿಂದೆ ರೆಮ್‌ಸಾಂಗಿಗೆ ಹೇಳಿದ್ದರು, ನಿನ್ನ ಕೈ ಮಗ್ಗಾಗಿದೆ ಎಂದು. ಅವಳು ಎರಡು ತಿಂಗಳು ಮಾತು ಬಿಟ್ಟಿದ್ದಳು. ಡಬ್ಬಿ ಮಾತ್ರ ಮುಂದಿನ ವಾರವೇ ಸರಿಯಾಗಿತ್ತು.

ಒಂದು ಮನೆಯ ಡಬ್ಬಿ ಐದು ವಾರ ಖಾಲಿ ಇತ್ತು. ಪ್ರತಿ ಶನಿವಾರ ಅವರು ಅದನ್ನು ಎತ್ತಿ, ತಟ್ಟೆಗೆ ಬಗ್ಗಿಸಿ, ತುಟಿ ಅಲುಗಿಸಿ, ತಿರುಗಿ ಇಟ್ಟರು. ಬಾಗಿಲು ತಟ್ಟಲಿಲ್ಲ. ಆರನೆಯ ವಾರ ಅದರಲ್ಲಿ ನಾಲ್ಕು ಹಿಡಿ ಇತ್ತು. ಆ ಮನೆ ನನ್ನದು, ಅದರಿಂದ ಹೇಳಬಲ್ಲೆ.

ರೋಖುಮಿ ಹುಟ್ಟಿದ ಹಳ್ಳಿ ಈಗ ಇಲ್ಲ. ಅವರಿಗೆ ಹತ್ತು ವರ್ಷವಿದ್ದಾಗ, ಗಲಭೆಯ ಕಾಲದಲ್ಲಿ, ಸೈನ್ಯದವರು ಸುತ್ತಲ ಊರುಗಳನ್ನೆಲ್ಲ ಖಾಲಿ ಮಾಡಿಸಿ ರಸ್ತೆ ಬದಿಗೆ ಒಟ್ಟಿಗೆ ತಂದು ಕೂರಿಸಿದರು. ಅಲ್ಲಿ ಅಕ್ಕಿಯನ್ನು ತಲೆ ಎಣಿಸಿ ಅಳೆದು ಕೊಡುತ್ತಿದ್ದರು. ಅವರ ತಾಯಿ ಆ ಅಕ್ಕಿಯಿಂದಲೂ ಹಿಡಿ ತೆಗೆಯುತ್ತಿದ್ದಳಂತೆ. ಮಕ್ಕಳು ಅಳುತ್ತ ನೋಡುತ್ತಿದ್ದರಂತೆ. ಡಬ್ಬಿ ಇರಲಿಲ್ಲ, ಬಿದಿರಿನ ಕೊಳವೆಯಲ್ಲಿ ಹಾಕುತ್ತಿದ್ದಳು. ಎತ್ತಿಕೊಂಡು ಹೋಗುವವರೂ ಇಲ್ಲದ ಕಾಲ ಅದು. ಕೊಳವೆ ತುಂಬಿದಾಗ ಪಕ್ಕದ ಗುಡಿಸಲಿನ ಬಾಣಂತಿಗೆ ಕೊಟ್ಟಳು.

ಮದುವೆಯಾಗಿ ಈ ಕೇರಿಗೆ ಬಂದ ಮೇಲೆ ಗಂಡ ಛುಂಗಾರ ಜೊತೆ ರಸ್ತೆ ಕೆಲಸ. ಇಬ್ಬರೂ ಹತ್ತೊಂಬತ್ತು ವರ್ಷ ಜಲ್ಲಿ ಒಡೆದು, ಡಾಂಬರು ಸುರಿದವರು. ರೋಖುಮಿಯ ಬಲಗೈ ಮೇಲೆ ಡಾಂಬರಿನ ಸುಟ್ಟ ಕಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಇದೆ. ಛುಂಗಾರಿಗೆ ಈಗ ಕಣ್ಣು ಮಂಜು. ಒಲೆಯ ಪಕ್ಕ ಕೂತು ಎಲ್ಲದಕ್ಕೂ ಒಂದು ಮಾತು ಸೇರಿಸುತ್ತಾರೆ. ಒಬ್ಬನೇ ಮಗ ಬಿಯಾಕಾ ಟ್ರಕ್ ಓಡಿಸುತ್ತಾನೆ, ತಿಂಗಳಲ್ಲಿ ಅರ್ಧದಷ್ಟು ದಿನ ಮನೆಯಲ್ಲಿರುವುದಿಲ್ಲ. ಸೊಸೆ ಜೋದಿಂಗಿ ಬೆಳಗಾಗುವ ಮೊದಲೇ ಬಜಾರಿಗೆ ತರಕಾರಿ ಹೊತ್ತುಕೊಂಡು ಹೋಗುತ್ತಾಳೆ. ಹಾಗಾಗಿ ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಬೆಳಗಿನ ಪಾತ್ರೆ ಅತ್ತೆಯದು, ಸಂಜೆಯ ಪಾತ್ರೆ ಸೊಸೆಯದು.

ಈ ಮೇ ತಿಂಗಳಲ್ಲಿ ಜೋದಿಂಗಿ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಳು. ಎರಡು ಹೊತ್ತಿನ ಅಡುಗೆಯೂ ರೋಖುಮಿಯ ಮೇಲೆ ಬಿತ್ತು. ಅವಳು ಹೋಗಿ ವಾರವಾದ ಶನಿವಾರ ಅವರು ಎಂದಿನಂತೆ ಅರವತ್ತು ಮನೆ ಮುಗಿಸಿ, ಕೊನೆಗೆ ತಮ್ಮ ಮನೆಯ ಡಬ್ಬಿ ಎತ್ತಿದರು. ಹಗುರವಾಗಿತ್ತು. ಮುಚ್ಚಳ ತೆಗೆದರೆ ತಳ ಕಂಡಿತು. ಒಂದು ಕಾಳೂ ಇರಲಿಲ್ಲ.

ಮೊದಲು ಇಲಿ ಎಂದುಕೊಂಡರು. ಮುಚ್ಚಳ ಬಿಗಿಯಾಗಿತ್ತು. ಆಮೇಲೆ ಕಳ್ಳತನ ಎಂದುಕೊಂಡರು. ಒಲೆಯ ಪಕ್ಕದಿಂದ ಛುಂಗಾ ನಕ್ಕರು.

"ಬಿಯಾಕಾ ನೂ, ಕಳ್ಳ ಬಂದು ದೇವರ ಅಕ್ಕಿ ಒಯ್ದು ನಮ್ಮ ಅಕ್ಕಿ ಚೀಲ ಬಿಟ್ಟು ಹೋದನಾ? ಭಕ್ತ ಇರಬೇಕು."

ನೂ ಎಂದರೆ ತಾಯಿ. ಇಲ್ಲಿ ಗಂಡಂದಿರು ಹೆಂಡತಿಯನ್ನು ಮಕ್ಕಳ ಹೆಸರಿನಿಂದಲೇ ಕರೆಯುತ್ತಾರೆ. ಮರುದಿನ ಭಾನುವಾರ ಬೆಳಿಗ್ಗೆ ರೋಖುಮಿ ಅಕ್ಕಿ ಅಳೆದು, ತಮ್ಮ ಕೈಯನ್ನೇ ನೋಡುತ್ತ ನಿಂತರಂತೆ. ಕೈ ಅಕ್ಕಿಯನ್ನು ತೊಳೆಯಲು ನೇರವಾಗಿ ನೀರಿನ ಕಡೆ ಹೋಯಿತು. ಹಿಡಿ ತೆಗೆಯಲು ಎಲ್ಲೂ ನಿಲ್ಲಲಿಲ್ಲ.

ಅಂದು ಮಧ್ಯಾಹ್ನ ಸೊಸೆಗೆ ಫೋನ್ ಮಾಡಿದರು. ಜೋದಿಂಗಿ ಹೇಳಿದಳು: ಮದುವೆಯಾಗಿ ಬಂದ ಎರಡನೆಯ ವರ್ಷದಲ್ಲೇ ಅವಳಿಗೆ ಗೊತ್ತಾಗಿತ್ತು, ಅತ್ತೆ ಬೆಳಗಿನ ಪಾತ್ರೆಯಿಂದ ತೆಗೆಯುವುದಿಲ್ಲ ಎಂದು. ಅಂದಿನಿಂದ ಸಂಜೆ ಅವಳು ಎರಡು ಹಿಡಿ ತೆಗೆಯುತ್ತ ಬಂದಿದ್ದಾಳೆ. ಒಂದು ತನ್ನದು, ಒಂದು ಅತ್ತೆಯದು. ಒಂಬತ್ತು ವರ್ಷ.

ಈ ಭಾಗವನ್ನು ರೋಖುಮಿ ನನಗೆ ಹೇಳುವಾಗ ಜೋದಿಂಗಿಯೂ ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದಳು.

"ನನ್ನ ಮಾನ ಉಳಿಸಿದಳು," ಎಂದರು ರೋಖುಮಿ. "ಆದರೆ ನನ್ನ ಎಬ್ಬಿಸಲಿಲ್ಲ."

ಜೋದಿಂಗಿ ಸೊಪ್ಪಿನಿಂದ ಕಣ್ಣು ತೆಗೆಯದೆಯೇ, ಇಲ್ಲಿ ಅತ್ತೆಯನ್ನು ಕರೆಯುವಂತೆ ಕಾ ಪೀ ಎಂದು ಕರೆದು ಹೇಳಿದಳು. "ಮಲಗಿದ್ದವರನ್ನ ಎಬ್ಬಿಸಬಹುದು, ಕಾ ಪೀ. ನೀವು ಊರನ್ನೆಲ್ಲ ಎಬ್ಬಿಸ್ಕೊಂಡು ತಿರುಗ್ತಾ ಇದ್ರಿ. ನಿಮ್ಮನ್ನ ಹೇಗೆ ಎಬ್ಬಿಸೋದು?"

ಯಾವಾಗ ನಿಂತಿತು ಎಂದು ರೋಖುಮಿಗೆ ಇವತ್ತಿಗೂ ತಿಳಿಯದು. ಅದೇ ಅವರಿಗೆ ದೊಡ್ಡ ಪೆಟ್ಟು. ಬೇಡವೆಂದು ಬಿಟ್ಟಿದ್ದಲ್ಲ, ಕಷ್ಟಕ್ಕೆ ಬಿಟ್ಟಿದ್ದೂ ಅಲ್ಲ. ಅಕ್ಕಿಗೆ ಕೊರತೆಯೇ ಇರಲಿಲ್ಲ. ಪ್ರತಿ ಶನಿವಾರ ಅರವತ್ತು ಮನೆಯ ಹಿಡಿಗಳನ್ನು ಮುಟ್ಟಿ ನೋಡುವ ಕೈಗೆ, ತಾನು ತೆಗೆದಿದ್ದೇನೆ ಎಂದು ಯಾವತ್ತೂ ಅನ್ನಿಸುತ್ತಲೇ ಇತ್ತು. ಡಬ್ಬಿಯೂ ಪ್ರತಿ ವಾರ ತುಂಬಿಯೇ ಇರುತ್ತಿತ್ತು. ಮನೆಯ ಹದಿನಾಲ್ಕು ಹಿಡಿಯೂ ಸೊಸೆಯದೇ, ಸಣ್ಣ ಕೈಯದು. ಬೇರೆಯವರ ಮನೆಯದಾಗಿದ್ದರೆ ಮೊದಲ ಶನಿವಾರವೇ ಹಿಡಿಯುತ್ತಿದ್ದರು. ತಮ್ಮ ಮನೆಯ ಅಕ್ಕಿಯ ಮೇಲೆ ಅವರು ಅಂಗೈ ಆಡಿಸಿದ್ದೇ ಇಲ್ಲ.

ಆ ವಾರದ ಹೆಂಗಸರ ಕೂಟದಲ್ಲಿ ಅವರು ಎದ್ದು ನಿಂತು ಇದನ್ನೆಲ್ಲ ಹೇಳಿದರು. ಸುಮಾರು ನಲವತ್ತು ಜನ ಇದ್ದೆವು. ಹೆಚ್ಚು ಹೊತ್ತು ಹಿಡಿಯಲಿಲ್ಲ, ನಾಲ್ಕೈದು ವಾಕ್ಯ. ಕೊನೆಗೆ, ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಿರಿ ಎಂದರು.

ಯಾರೋ ಹಿಂದೆ ನಕ್ಕರು. ಇನ್ಯಾರೋ ಸುಮ್ಮನಿರಿ ಎಂದರು. ಕೂಟದ ಹಿರಿಯೆ ಥಾನ್‌ಸೇಯಿ ಕನ್ನಡಕ ತೆಗೆದು ಒರೆಸಿಕೊಂಡರು. ನಿವೃತ್ತ ಶಾಲಾ ಶಿಕ್ಷಕಿ ಅವರು, ಸಭೆಯನ್ನು ತರಗತಿಯ ಹಾಗೆಯೇ ನಡೆಸುತ್ತಾರೆ. ಅವರು ಹೇಳಿದ್ದು, ನಿಮ್ಮ ಮನೆಯ ಅಕ್ಕಿ ಒಂದು ವಾರವೂ ಕಡಿಮೆ ಬಂದಿಲ್ಲ, ಇದನ್ನು ದೊಡ್ಡದು ಮಾಡುವುದು ಬೇಡ.

"ಅಕ್ಕಿ ಕಮ್ಮಿ ಆಯ್ತು ಅಂತ ನಾನು ಹೇಳಲಿಲ್ಲವಲ್ಲ," ಎಂದರು ರೋಖುಮಿ.

ಕೊನೆಗೆ ಶಿಕ್ಷಕಿಯ ತೀರ್ಪು ಬಂತು. ವರ್ಷದ ನಡುವೆ ಪಟ್ಟಿ ತಿದ್ದುವುದಿಲ್ಲ. ಡಿಸೆಂಬರಿನವರೆಗೆ ಅಕ್ಕಿ ಎತ್ತಿ. ಡಿಸೆಂಬರಿನಲ್ಲಿ ನೀವೇ ಎದ್ದು ನಿಂತು ಹೇಳಿ, ಆಗ ನೋಡೋಣ. ಅಲ್ಲಿಯವರೆಗೆ ನಿಮ್ಮ ಮನೆಯ ಡಬ್ಬಿಯನ್ನು ಮಾತ್ರ ಬೇರೆಯವರು ಎತ್ತಲಿ. ಯಾರು ಎತ್ತುತ್ತೀರಿ ಎಂದು ಕೇಳುವ ಮೊದಲೇ ರೆಮ್‌ಸಾಂಗಿ ಕೈ ಎತ್ತಿದ್ದಳು.

ಮೊದಲ ಶನಿವಾರ ಅವಳು ಬಂದದ್ದನ್ನು ಕೇರಿ ಇನ್ನೂ ಹೇಳಿಕೊಂಡು ನಗುತ್ತದೆ. ಅಷ್ಟರಲ್ಲಿ ಜೋದಿಂಗಿಯೂ ತವರಿನಿಂದ ಮರಳಿದ್ದಳು. ರೆಮ್‌ಸಾಂಗಿ ಚರ್ಚಿಗೆ ಹೋಗುವಾಗ ಸೊಂಟಕ್ಕೆ ಸುತ್ತುವ ನೆಯ್ದ ಪುವಾನ್ ಉಟ್ಟು, ತಟ್ಟೆ ಹಿಡಿದು, ಅಕ್ಕಿಯನ್ನು ಕಿಟಕಿಯ ಬೆಳಕಿಗೆ ಒಯ್ದು ನೋಡಿದಳು. ಬೆರಳಿನಿಂದ ಕೆದಕಿದಳು. ಮೂಸಿದಳು.

"ಊ ಖುಮಿ, ಇದರಲ್ಲಿ ಎರಡು ಕೈ ಇದೆ. ಒಂದು ಚಿಕ್ಕದು, ಒಂದು ಡಾಂಬರಿನದು."

"ಸರಿಯಾಗಿದೆಯಾ?"

"ಮಗ್ಗಿನದಲ್ಲ," ಎಂದಳು ರೆಮ್‌ಸಾಂಗಿ. ಮೂರು ವರ್ಷ ಕಾದು ಹೇಳಿದ ಮಾತು. ಆಮೇಲೆ ಕೂತು ಎರಡು ಲೋಟ ಕಪ್ಪು ಚಹಾ ಕುಡಿದು ಹೋದಳು. ಅಕ್ಕಿ ಚೀಲಕ್ಕೆ ಬೀಳುವಾಗ ಅವಳ ತುಟಿ ಅಲುಗಿದ್ದನ್ನು ಛುಂಗಾ ನೋಡಲಿಲ್ಲ. ರೋಖುಮಿ ನೋಡಿದರು. ಮೂವತ್ತನಾಲ್ಕು ವರ್ಷದಲ್ಲಿ ತಮ್ಮ ಮನೆಯ ಬಾಗಿಲಲ್ಲಿ ಆ ಮಾತನ್ನು ಬೇರೊಬ್ಬರು ಹೇಳಿದ್ದು ಅದೇ ಮೊದಲು ಎನ್ನುತ್ತಾರೆ.

ಈಗ ಬೆಳಗಿನ ಪಾತ್ರೆಯ ಕೆಲಸ ಅವರಿಗೆ ನಿಧಾನ. ಅಕ್ಕಿ ಅಳೆದ ಮೇಲೆ ನೀರಿನ ಕೊಡದ ಕಡೆ ತಿರುಗುವುದಿಲ್ಲ. ಮೊದಲು ನಿಲ್ಲುತ್ತಾರೆ. ನೀರು ಸೋಕಿದ ಅಕ್ಕಿಯನ್ನು ಡಬ್ಬಿಗೆ ಹಾಕುವಂತಿಲ್ಲ, ಮುಗ್ಗಿ ಇಡೀ ಡಬ್ಬಿ ಹಾಳಾಗುತ್ತದೆ. ಆದ್ದರಿಂದ ನೀರು ಬಿದ್ದ ಮೇಲೆ ನೆನಪಾದರೆ ನೆನಪಾದದ್ದಷ್ಟೇ. ಚೀಲದಿಂದ ಬೇರೆ ಹಿಡಿ ತೆಗೆದರಾಗದೇ ಎಂದು ಕೇಳಿದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಕೇಳಲಿಲ್ಲ. ಸೊಸೆಗೂ ಹೇಳಿದ್ದಾರೆ, ಇನ್ನು ಎರಡು ಹಿಡಿ ಬೇಡ, ನಿನ್ನದು ಒಂದೇ ಸಾಕು ಎಂದು. ಅವಳು ಹೂಂ ಎಂದಳು. ಮೊದಲ ತಿಂಗಳು ಅವಳ ಕೈ ಅಭ್ಯಾಸಬಲದಿಂದ ಎರಡನೆಯ ಸಲವೂ ಅಕ್ಕಿಗೆ ಹೋಗುತ್ತಿತ್ತಂತೆ. ಹಿಡಿದ ಅಕ್ಕಿಯನ್ನು ತಿರುಗಿ ಪಾತ್ರೆಗೆ ಬಿಡುವುದು ಕಷ್ಟವಾಯಿತು ಎಂದಳು.

ಮನೆಗಳಲ್ಲಿ ಮಗ್ಗಿನ ಅಕ್ಕಿ ಬಂದರೆ ರೋಖುಮಿ ಈಗಲೂ ಹೇಳುತ್ತಾರೆ. ಹೇಳುವ ರೀತಿ ಬದಲಾಗಿದೆ. ಕಳೆದ ತಿಂಗಳು ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳ ಡಬ್ಬಿ ಹಾಗಿತ್ತು. ಅವರು ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು ತಮ್ಮ ಒಂಬತ್ತು ವರ್ಷದ ಕತೆ ಹೇಳಿದರು. ಹುಡುಗಿ ಅತ್ತಳಂತೆ. "ಅಳಬೇಡ, ನಿಂಗೆ ನಾಲ್ಕೇ ವಾರ ಆಗಿದೆ," ಎಂದು ಎದ್ದು ಬಂದರಂತೆ.

ಇವತ್ತು ನವೆಂಬರಿನ ಮೂರನೆಯ ಶನಿವಾರ. ಎರಡನೆಯ ಹೊರೆಯನ್ನು ಚರ್ಚಿನ ಕೋಣೆಯಲ್ಲಿ ಇಳಿಸಿ ಮನೆಗೆ ಬರುವ ಹೊತ್ತಿಗೆ ಎಂಟಕ್ಕೆ ಹತ್ತು ನಿಮಿಷ. ಹೊರಡುವ ಮೊದಲೇ ಮಾಡಿಟ್ಟ ಅನ್ನ ಒಲೆಯ ಪಕ್ಕ ಬೆಚ್ಚಗಿದೆ. ಸೀಮೆಬದನೆ ಕುಡಿ ಹಾಕಿ ಬೇಯಿಸಿದ ಸಾರು, ಒಣಮೀನಿನ ಚಟ್ನಿ. ಛುಂಗಾ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದಾರೆ. ಪ್ರಾರ್ಥನೆ ಮಾಡುವ ಸರದಿ ಇವತ್ತು ಅವರದು. ಅವರು ಬೇಗ ಮುಗಿಸುತ್ತಾರೆ.

ಡಿಸೆಂಬರಿನ ಸಭೆಗೆ ಇನ್ನು ಮೂರು ವಾರ. ರೋಖುಮಿಯೇ ಮುಂದುವರಿಯಲಿ ಎಂಬುದರಲ್ಲಿ ಕೇರಿಯಲ್ಲಿ ಎರಡು ಮಾತಿಲ್ಲ. ಹೊಸಬರು ಯಾರೂ ಮುಂದೆ ಬಂದಿಲ್ಲ. ರೆಮ್‌ಸಾಂಗಿಯನ್ನು ಕೇಳಿದರೆ, ನಾನೂರ ಹನ್ನೆರಡು ಮೆಟ್ಟಿಲನ್ನು ತಾನು ಹತ್ತುವುದಿಲ್ಲ, ತನಗೆ ಒಂದೇ ಮನೆ ಸಾಕು, ಅದೂ ಚಹಾ ಚೆನ್ನಾಗಿರುವ ಮನೆ ಎನ್ನುತ್ತಾಳೆ. ಥಾನ್‌ಸೇಯಿ ಪಟ್ಟಿಯ ಕಾಗದದಲ್ಲಿ ಈಗಾಗಲೇ ಪೆನ್ಸಿಲಿನಲ್ಲಿ ಹಳೇ ಹೆಸರನ್ನೇ ಬರೆದಿಟ್ಟಿದ್ದಾರೆಂದು ಸುದ್ದಿ. ಅದನ್ನು ಪೆನ್ನಿನಲ್ಲಿ ಬರೆಯುವುದು ರೋಖುಮಿ ಸಭೆಯಲ್ಲಿ ಏನು ಹೇಳುತ್ತಾರೆ ಎಂಬುದರ ಮೇಲಿದೆ.

ಏನು ಹೇಳುತ್ತೀರಿ ಎಂದು ಕೇಳುತ್ತೇನೆ.

"ಇದ್ದದ್ದು ಹೇಳ್ತೀನಿ. ಆವತ್ತಿನ ಭಾನುವಾರದಿಂದ ಇವತ್ತಿಗೆ ನೂರ ಎಪ್ಪತ್ತೈದು ಬೆಳಿಗ್ಗೆ ಆಯ್ತು. ಮೂರು ತಪ್ಪಿದೆ. ಆ ಭಾನುವಾರವೇ ಮೊದಲನೇದು, ಕೈಯನ್ನೇ ನೋಡ್ತಾ ನಿಂತು ತಪ್ಪಿಸಿದೆ. ಬಿಯಾಕಾನ ಗಾಡಿ ಮಣ್ಣು ಕುಸಿದು ಸಿಕ್ಕಿಹಾಕ್ಕೊಂಡ ದಿನ ಒಂದು. ಇನ್ನೊಂದು ಅಕ್ಟೋಬರಲ್ಲಿ."

"ಅಕ್ಟೋಬರಲ್ಲಿ ಏನಾಗಿತ್ತು?"

"ಏನೂ ಆಗಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ಮಂಡಿ ನೋವಿರಲಿಲ್ಲ. ಮನೇಲಿ ಎಲ್ಲರೂ ಇದ್ರು."

ಛುಂಗಾ ತಟ್ಟೆಯಿಂದ ತಲೆ ಎತ್ತುತ್ತಾರೆ. ನೂರ ಎಪ್ಪತ್ತೈದರಲ್ಲಿ ಮೂರೇ ತಪ್ಪು ಎಂದರೆ ತಮ್ಮ ಕಾಲದ ಯಾವ ಪರೀಕ್ಷೆಯಲ್ಲೂ ಪಾಸು ಎನ್ನುತ್ತಾರೆ. ರೋಖುಮಿ ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾರೆ, ಬಾಯಿ ಮುಚ್ಚಿಸಲು.

"ಅವರು ಹೆಸರು ಬರೆದ್ರೆ ಹೊರ್ತೀನಿ," ಎನ್ನುತ್ತಾರೆ ಆಮೇಲೆ. "ಬರೀದಿದ್ರೆ ಡಬ್ಬಿ ಹೊರಗಿಡ್ತೀನಿ. ಮೂರು ತಪ್ಪಿದೆ ಅಂತ ಹೇಳೋಕೆ ನಾಚಿಕೆ ಇಲ್ಲ. ಒಂಬತ್ತು ವರ್ಷ ಎಷ್ಟು ತಪ್ಪಿತು ಅನ್ನೋದೇ ನಂಗೆ ಗೊತ್ತಿರಲಿಲ್ಲ. ಈಗ ತಪ್ಪಿದ್ರೆ, ಅವತ್ತೇ ಗೊತ್ತಾಗತ್ತೆ."